ನಾಲ್ಕು ಹೆಸರು, ಒಂದು ಟಿಕೆಟ್



ಹಿಂದೆ ನಮ್ಮ ಮನೆಗಳಲ್ಲಿ ಪರದೇಶವೆಂದರೆ ಗಲ್ಫ್ ಮಾತ್ರ. ಈಗ ಜರ್ಮನಿ, ಹಾಲೆಂಡ್, ಸ್ವೀಡನ್ ಮುಂತಾದ ಹೆಸರುಗಳೂ ಅಡುಗೆಮನೆಯ ಮಾತಿನಲ್ಲಿ ಕೇಳಿಬರುತ್ತವೆ. ಮಗಳ ಹೆರಿಗೆಗೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಮೂರು ತಿಂಗಳ ವೀಸಾದಲ್ಲಿ ಅಲ್ಲಿಗೆ ಹೋಗಿ ಬರುವ ತಾಯಂದಿರು ನಿಮ್ಮ ಬೀದಿಯಲ್ಲೂ ಒಬ್ಬರಾದರೂ ಇರಬಹುದು. ಅವರನ್ನು ಕೇಳಿ ನೋಡಿ. ಹೆಚ್ಚಿನವರು ನೋಡಿದ್ದು ವಿಮಾನ ನಿಲ್ದಾಣ, ಮಗಳ ಮನೆ ಮತ್ತು ಹತ್ತಿರದ ಅಂಗಡಿ. ಅಳಿಯನಿಗೆ ರಜೆ ಇಲ್ಲ, ಭಾಷೆ ಬರುವುದಿಲ್ಲ, ಟ್ಯಾಕ್ಸಿ ಹತ್ತುವ ಧೈರ್ಯವಿಲ್ಲ.

ನಾನೂ ಮ್ಯೂನಿಕ್ ನಗರದ ಮಗಳ ಮನೆಯಲ್ಲಿ ಮೊದಲ ಒಂದು ತಿಂಗಳನ್ನು ಹಾಗೆಯೇ ಕಳೆದೆ. ಕಿಟಕಿಯ ಬಳಿ ಕುಳಿತು ಹೊರಗೆ ಹೋಗುವ ಟ್ರಾಮ್‌ಗಳನ್ನು ಎಣಿಸುವುದೇ ನನ್ನ ಕೆಲಸವಾಗಿತ್ತು. ಆಮೇಲೆ ಒಂದು ರೈಲು ಟಿಕೆಟ್ ನನ್ನನ್ನು ಮನೆಯಿಂದ ಹೊರಗೆ ತಂದಿತು. ಒಂದೇ ದಿನದಲ್ಲಿ ಇನ್ನೊಂದು ದೇಶಕ್ಕೆ ಹೋಗಿ ಬಂದೆ. ಆ ದಿನ ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮ್ಯೂನಿಕ್ ಇರುವುದು ಬವೇರಿಯಾ ರಾಜ್ಯದಲ್ಲಿ. ಜರ್ಮನರು ಅದನ್ನು ಬಯರ್ನ್ ಎನ್ನುತ್ತಾರೆ. ಆ ರಾಜ್ಯದ ಸ್ಥಳೀಯ ರೈಲುಗಳಲ್ಲಿ ಒಂದು ದಿನವಿಡೀ ಎಷ್ಟು ಬಾರಿ ಬೇಕಾದರೂ ಹತ್ತಿ ಇಳಿಯಬಹುದಾದ ಒಂದು ಪಾಸ್ ಇದೆ. ಅದರ ಹೆಸರು ‘ಬಯರ್ನ್ ಟಿಕೆಟ್’. ಒಬ್ಬರಿಂದ ಐವರವರೆಗೆ ಒಂದೇ ಟಿಕೆಟಿನಲ್ಲಿ ಹೋಗಬಹುದು. ಮೊದಲನೆಯವರಿಗೆ ಒಂದು ದರ. ಆಮೇಲೆ ಸೇರುವ ಪ್ರತಿಯೊಬ್ಬರಿಗೂ ಅದಕ್ಕಿಂತ ತೀರಾ ಕಡಿಮೆ. ಹೀಗಾಗಿ ಜನ ಹೆಚ್ಚಿದಷ್ಟೂ ತಲೆಗೆ ಬೀಳುವ ಖರ್ಚು ಇಳಿಯುತ್ತದೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಇದೇ ಟಿಕೆಟಿನಲ್ಲಿ ಬವೇರಿಯಾದ ನಗರಗಳ ಟ್ರಾಮ್, ಬಸ್ಸು, ಸುರಂಗ ರೈಲುಗಳಲ್ಲೂ ಓಡಾಡಬಹುದು.

ಇದರ ದೊಡ್ಡ ಸೋಜಿಗವೆಂದರೆ, ಈ ಟಿಕೆಟ್ ಜರ್ಮನಿಯ ಗಡಿಯಲ್ಲಿ ನಿಲ್ಲುವುದಿಲ್ಲ. ಆಸ್ಟ್ರಿಯಾ ದೇಶದ ಸಾಲ್ಝ್‌ಬರ್ಗ್ ಮತ್ತು ಕುಫ್‌ಸ್ಟೈನ್ ನಿಲ್ದಾಣಗಳವರೆಗೂ ಅದು ನಡೆಯುತ್ತದೆ. ಮಗಳು ಇದನ್ನು ಹೇಳಿದಾಗ ನಾನು ನಂಬಲಿಲ್ಲ. ನಮ್ಮ ಕಡೆ ಮಂಗಳೂರಿನಿಂದ ಕಾಸರಗೋಡಿಗೆ ಹೋಗುವಾಗ ಉಳ್ಳಾಲ ದಾಟಿ ಮಂಜೇಶ್ವರ ಬಂದಾಗ ರಾಜ್ಯ ಬದಲಾದದ್ದು ಬೋರ್ಡಿನ ಅಕ್ಷರ ನೋಡಿದರೆ ಮಾತ್ರ ತಿಳಿಯುತ್ತದೆ. ಅದು ಸರಿ, ಎರಡೂ ನಮ್ಮದೇ ದೇಶ. ಆದರೆ ದೇಶ ದಾಟುವ ರೈಲು ಎಂದರೆ ನನಗೆ ಗೊತ್ತಿದ್ದದ್ದು ಸಂಝೋತಾ ಎಕ್ಸ್‌ಪ್ರೆಸ್ ಮಾತ್ರ. 1976ರಲ್ಲಿ ಶುರುವಾದ ಆ ರೈಲು 2019ರ ಆಗಸ್ಟ್‌ನಲ್ಲಿ ನಿಂತುಹೋಯಿತು. ಓಡುತ್ತಿದ್ದ ಕಾಲದಲ್ಲೂ ಅದರ ಪ್ರಯಾಣಿಕರು ಗಡಿಯಲ್ಲಿ ಗಂಟುಮೂಟೆ ಬಿಚ್ಚಿ ಗಂಟೆಗಟ್ಟಲೆ ಕಾಯಬೇಕಿತ್ತು. ಇಲ್ಲಿ ನೋಡಿದರೆ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದಂತೆ!

2024ರ ಮೇ ತಿಂಗಳ ಒಂದು ಬುಧವಾರ ಹೊರಡುವುದೆಂದು ತೀರ್ಮಾನವಾಯಿತು. ನಾನು, ಮಗಳು, ದಾವಣಗೆರೆಯಿಂದ ಬಂದು ಅಲ್ಲಿ ನೆಲೆಸಿರುವ ಅವಳ ಗೆಳತಿ, ಮತ್ತು ಕೆಳಗಿನ ಮನೆಯ ತುರ್ಕಿ ಅಜ್ಜಿ. ಜೊತೆಗೆ ಟಿಕೆಟ್ ಬೇಡದ ನಾಲ್ಕು ವರ್ಷದ ಮೊಮ್ಮಗ. ತುರ್ಕಿಯವರು ತಾಯಿಯ ಸೋದರಿಯನ್ನು ‘ತೇಯ್ಝೆ’ ಎಂದು ಕರೆಯುತ್ತಾರೆ. ಹಿರಿಯ ಹೆಂಗಸರನ್ನೆಲ್ಲ ಗೌರವದಿಂದ ಹಾಗೆಯೇ ಕರೆಯುವುದು ಅವರ ರೂಢಿ. ಎಪ್ಪತ್ತನಾಲ್ಕು ದಾಟಿದ ಅವರನ್ನು ನಾವೂ ತೇಯ್ಝೆ ಎಂದೇ ಕರೆಯುತ್ತಿದ್ದೆವು. ನನ್ನ ಮತ್ತು ಅವರ ನಡುವೆ ಭಾಷೆ ಇಲ್ಲ. ಸಲಾಮ್, ನಗು, ಅಡುಗೆಯ ತಟ್ಟೆಗಳ ವಿನಿಮಯ, ಇಷ್ಟೇ. ಉಳಿದದ್ದನ್ನು ಮಗಳು ಜರ್ಮನ್ ಭಾಷೆಯಲ್ಲಿ ಕೇಳಿ ನನಗೆ ಹೇಳುತ್ತಿದ್ದಳು.

ಅಳಿಯನಿಗೆ ಈ ಟಿಕೆಟಿನ ಅಗತ್ಯವಿಲ್ಲ. ಅವನ ಬಳಿ ಇರುವುದು ಇಡೀ ಜರ್ಮನಿಯ ಸ್ಥಳೀಯ ರೈಲು-ಬಸ್ಸುಗಳಲ್ಲಿ ನಡೆಯುವ ತಿಂಗಳ ಪಾಸ್, ‘ಡಾಯ್ಚ್‌ಲಾಂಡ್ ಟಿಕೆಟ್’. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದ ಅದು 2025ರಲ್ಲಿ 58 ಯೂರೋ, 2026ರಲ್ಲಿ 63 ಯೂರೋ ಆಯಿತು. ಸಾಲ್ಝ್‌ಬರ್ಗ್‌ವರೆಗೆ ಅದೂ ಸಲ್ಲುತ್ತದೆ. ತಿಂಗಳಿಡೀ ಓಡಾಡುವವರಿಗೆ ಅದು ಲಾಭ. ಆದರೆ ಒಂದು ಮಾತು ನೆನಪಿರಲಿ. ಅದು ತಾನಾಗಿಯೇ ಮುಂದುವರಿಯುವ ಚಂದಾ. ಬೇಡವೆಂದರೆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಬೇಕು. ಇಲ್ಲದಿದ್ದರೆ ನೀವು ಊರಿಗೆ ಮರಳಿದ ಮೇಲೂ ಮಗನ ಖಾತೆಯಿಂದ ಹಣ ಹೋಗುತ್ತಿರುತ್ತದೆ!

ನಿಲ್ದಾಣದ ಯಂತ್ರದಲ್ಲಿ ಟಿಕೆಟ್ ತೆಗೆದ ಮಗಳು ಪೆನ್ನು ಹಿಡಿದು ನಾಲ್ವರ ಹೆಸರನ್ನೂ ಅದರ ಮೇಲೆ ಬರೆದಳು. ಹಾಗೆ ಬರೆಯುವುದು ಕಡ್ಡಾಯ. ಒಮ್ಮೆ ಹೆಸರು ಬಿದ್ದ ಮೇಲೆ ಬೇರೆಯವರಿಗೆ ಕೊಡುವಂತಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ 9 ಗಂಟೆಯಿಂದ ಮರುದಿನ ನಸುಕಿನ 3 ಗಂಟೆಯವರೆಗೆ ಇದಕ್ಕೆ ಬೆಲೆ. ಶನಿವಾರ, ಭಾನುವಾರ ಮತ್ತು ಸರಕಾರಿ ರಜೆಗಳಲ್ಲಿ ಮಧ್ಯರಾತ್ರಿಯಿಂದಲೇ ಹೊರಡಬಹುದು. 9ಕ್ಕೆ ಮೊದಲು ಹತ್ತಿದರೆ ನೀವು ಟಿಕೆಟ್ ಇಲ್ಲದವರ ಲೆಕ್ಕ. ಅದೇ ರೀತಿ, ಅದೇ ಹಳಿಯಲ್ಲಿ ಓಡುವ ರೈಲ್‌ಜೆಟ್ ಮುಂತಾದ ದೂರಪ್ರಯಾಣದ ರೈಲುಗಳಿಗೆ ಇದು ಸಲ್ಲದು. ಎಲ್ಲವೂ ಸಾಲ್ಝ್‌ಬರ್ಗ್ ಎಂದೇ ಬೋರ್ಡು ಹಾಕಿಕೊಂಡು ಬರುತ್ತವೆ. ಅವಸರದಲ್ಲಿ ಹತ್ತಿದರೆ ದಂಡ ತಪ್ಪಿದ್ದಲ್ಲ. ರೈಲಿನ ನಂಬರಿನ ಹಿಂದಿರುವ ಅಕ್ಷರಗಳನ್ನು ನೋಡಿಯೇ ಹತ್ತಬೇಕು.

ಒಂಬತ್ತು ಗಂಟೆ ಕಳೆದ ಮೇಲೆ ಬಂದ ರೈಲು ಹತ್ತಿದೆವು. ಸುಮಾರು 150 ಕಿಲೋಮೀಟರ್, ಎರಡು ಗಂಟೆಯೊಳಗಿನ ದಾರಿ. ರೋಸನ್‌ಹೈಮ್ ದಾಟಿದ ಮೇಲೆ ಬಲಗಡೆ ಆಲ್ಪ್ಸ್ ಪರ್ವತಗಳು ಹತ್ತಿರವಾದವು. ಪ್ರೀನ್ ನಿಲ್ದಾಣ ಕಳೆದು ಎಡಗಡೆ ನೋಡುತ್ತಿದ್ದರೆ ಮರಗಳ ಮರೆಯಿಂದ ಕೀಮ್‌ಸೇ ಸರೋವರ ಇಣುಕುತ್ತದೆ. ಸುಮಾರು 80 ಚದರ ಕಿಲೋಮೀಟರ್ ವಿಸ್ತಾರವಾಗಿರುವ ಅದನ್ನು ಅಲ್ಲಿನವರು ‘ಬವೇರಿಯಾದ ಸಮುದ್ರ’ ಎನ್ನುತ್ತಾರೆ. ಕಡಲ ತೀರದಲ್ಲಿ ಹುಟ್ಟಿದ ನನಗೆ ನಗು ಬಂತು. ಆದರೆ ಸಮುದ್ರವಿಲ್ಲದ ಊರಿನವರ ಆಸೆ ಅದು, ನಗಬಾರದು. ಇಡೀ ದಿನದ ಟಿಕೆಟ್ ಆದ್ದರಿಂದ ಬೇಕಿದ್ದರೆ ಪ್ರೀನ್‌ನಲ್ಲಿ ಇಳಿದು ಸರೋವರ ನೋಡಿ ಮುಂದಿನ ರೈಲು ಹಿಡಿಯಬಹುದು.

ದಾರಿಯಲ್ಲಿ ತೇಯ್ಝೆ ತಮ್ಮ ಕಥೆ ಹೇಳಿದರು. 1961ರ ಅಕ್ಟೋಬರ್ 30ರಂದು ಜರ್ಮನಿ ಮತ್ತು ತುರ್ಕಿ ಒಂದು ಒಪ್ಪಂದ ಮಾಡಿಕೊಂಡವು. ಜರ್ಮನಿಯ ಕಾರ್ಖಾನೆಗಳಿಗೆ ಕೈಗಳು ಬೇಕಿದ್ದವು, ತುರ್ಕಿಯ ಯುವಜನರಿಗೆ ಕೆಲಸ ಬೇಕಿತ್ತು. ಇಸ್ತಾಂಬುಲ್‌ನಲ್ಲಿ ವೈದ್ಯಕೀಯ ಪರೀಕ್ಷೆ ಮಾಡಿ ಆರಿಸಿದವರನ್ನು ವಿಶೇಷ ರೈಲುಗಳಲ್ಲಿ ಕಳುಹಿಸುತ್ತಿದ್ದರು. ಆ ರೈಲುಗಳು ಬಂದು ನಿಲ್ಲುತ್ತಿದ್ದುದು ಮ್ಯೂನಿಕ್ ಮುಖ್ಯ ನಿಲ್ದಾಣದ 11ನೇ ಪ್ಲಾಟ್‌ಫಾರಂನಲ್ಲಿ. ಅದರ ಕೆಳಗಿದ್ದ ಯುದ್ಧಕಾಲದ ನೆಲಮಾಳಿಗೆಯಲ್ಲಿ ಅವರಿಗೆ ಊಟ ಕೊಟ್ಟು, ಯಾರು ಯಾವ ಊರಿನ ಕಾರ್ಖಾನೆಗೆ ಎಂದು ಹಂಚಿ ಕಳಿಸುತ್ತಿದ್ದರು. 1973ರ ನವೆಂಬರ್‌ನಲ್ಲಿ ಜರ್ಮನಿ ಈ ನೇಮಕಾತಿಯನ್ನು ನಿಲ್ಲಿಸಿತು.

ಹಾಗೆ ಬಂದವರಲ್ಲಿ ಒಂಟಿ ಹೆಂಗಸರೂ ಇದ್ದರು ಎಂಬುದು ನನಗೆ ಗೊತ್ತೇ ಇರಲಿಲ್ಲ. ತೇಯ್ಝೆ 1970ರಲ್ಲಿ ಬಂದಾಗ ಅವರಿಗೆ ಇಪ್ಪತ್ತು ವರ್ಷ. ಒಂದು ರಟ್ಟಿನ ಪೆಟ್ಟಿಗೆ, ತಾಯಿ ಕಟ್ಟಿಕೊಟ್ಟ ರೊಟ್ಟಿ, ಕುತ್ತಿಗೆಗೆ ಕಟ್ಟಿದ ಚೀಲದಲ್ಲಿ ಪಾಸ್‌ಪೋರ್ಟ್. “ಸಾಲ್ಝ್‌ಬರ್ಗ್ ಬಂದಾಗ ರಾತ್ರಿ. ನಿಲ್ದಾಣದ ದೀಪ ಮಾತ್ರ ಕಂಡಿತ್ತು. ಇಳಿದರೆ ರೈಲು ಬಿಟ್ಟು ಹೋದೀತೆಂಬ ಭಯ. ಐವತ್ತನಾಲ್ಕು ವರ್ಷವಾಯಿತು, ಆ ಊರಲ್ಲಿ ಇಳಿದೇ ಇಲ್ಲ” ಎಂದರು. ನಾನು ಒಂದು ತಿಂಗಳು ಕಿಟಕಿಯ ಬಳಿ ಕುಳಿತದ್ದಕ್ಕೇ ಬೇಸರಿಸಿಕೊಂಡಿದ್ದೆ. ಆಕೆ ಅರ್ಧ ಶತಮಾನ ದುಡಿದು, ಮಕ್ಕಳನ್ನು ಸಾಕಿ, ಗಂಡನನ್ನು ಮಣ್ಣು ಮಾಡಿ, ಎರಡು ಗಂಟೆಯ ದಾರಿಯ ಊರನ್ನು ನೋಡಿರಲಿಲ್ಲ.

ಫ್ರೈಲಾಸಿಂಗ್ ಜರ್ಮನಿಯ ಕೊನೆಯ ನಿಲ್ದಾಣ. ಅದಾದ ಮೇಲೆ ಸಾಲಾಕ್ ಎಂಬ ಹೊಳೆ. ಸೇತುವೆಯ ಆಚೆ ಆಸ್ಟ್ರಿಯಾ. ರೈಲು ಸದ್ದು ಬದಲಿಸಿ ಸೇತುವೆ ದಾಟಿತು. ಯಾರೂ ಬಂದು ಏನೂ ಕೇಳಲಿಲ್ಲ. ಮೊಮ್ಮಗ ಬಾಳೆಹಣ್ಣು ತಿನ್ನುತ್ತಿದ್ದ. ಅವನ ಹಣ್ಣು ಮುಗಿಯುವುದರೊಳಗೆ ನಾವು ಬೇರೆ ದೇಶದಲ್ಲಿದ್ದೆವು.

ಸಾಲ್ಝ್ ಎಂದರೆ ಉಪ್ಪು. ಸುತ್ತಲಿನ ಬೆಟ್ಟಗಳ ಉಪ್ಪಿನ ವ್ಯಾಪಾರದಿಂದಲೇ ಆ ಊರಿನ ಹಿಂದಿನ ಆರ್ಚ್‌ಬಿಷಪ್‌ಗಳು ಶ್ರೀಮಂತರಾದರು. ಗುಡ್ಡದ ಮೇಲಿನ ಕೋಟೆಯನ್ನು ಕಟ್ಟಲು ತೊಡಗಿದ್ದು 1077ರಲ್ಲಿ. ಸಂಗೀತಗಾರ ಮೊಝಾರ್ಟ್ 1756ರಲ್ಲಿ ಹುಟ್ಟಿದ ಮನೆಯೂ ಇಲ್ಲಿದೆ. 1996ರಲ್ಲಿ ಯುನೆಸ್ಕೋ ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಯರ್ನ್ ಟಿಕೆಟ್ ಸಾಲ್ಝ್‌ಬರ್ಗ್‌ನ ನಗರ ಬಸ್ಸಿಗೆ ನಡೆಯುವುದಿಲ್ಲ. ನಾವು ನಡೆದೇ ಹೋದೆವು. ಕಾಲು ಗಂಟೆಯಲ್ಲಿ ಮಿರಾಬೆಲ್ ಉದ್ಯಾನ ಸಿಗುತ್ತದೆ. ಹೂವಿನ ಸಾಲು, ಕಾರಂಜಿ, ಎದುರಿಗೆ ಬೆಟ್ಟದ ಮೇಲೆ ಬಿಳಿಯ ಕೋಟೆ. ಪ್ರವೇಶಕ್ಕೆ ದುಡ್ಡು ಬೇಡ.

ಅಲ್ಲಿಯೇ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ನಮ್ಮದು ಚಪಾತಿ, ಮೊಟ್ಟೆ ಪಲ್ಯ. ತೇಯ್ಝೆ ತಂದದ್ದು ಪಾಲಕ್ ಮತ್ತು ಚೀಸ್ ತುಂಬಿದ ಬೊರೆಕ್. ಮನೆಯಿಂದ ಒಯ್ದರೆ ಹಲಾಲ್ ಹುಡುಕುವ ಚಿಂತೆಯೂ ಇಲ್ಲ, ಹಣವೂ ಉಳಿಯುತ್ತದೆ. ನದಿಯ ದಂಡೆಯ ಹುಲ್ಲಿನ ಮೇಲೆ ನಾವು ಮೂವರು ನಮಾಝ್ ಮುಗಿಸಿದೆವು. ನಾನೂ ಮಗಳೂ ಶಾಫಿಗಳು. ಪ್ರಯಾಣಿಕರಿಗಿರುವ ರಿಯಾಯಿತಿಯಂತೆ ಝುಹ್ರ್ ಮತ್ತು ಅಸರ್ ಎರಡನ್ನೂ ಜೊತೆಗೂಡಿಸಿದೆವು. ಹನಫಿಯಾದ ತೇಯ್ಝೆ ಝುಹ್ರ್ ಮಾತ್ರ ಮುಗಿಸಿ ಅಸರ್‌ಗೆ ಸಮಯವಾಗಲಿ ಎಂದರು. ಗೆಳತಿ ನಕ್ಕು, “ಖಾಲಾ, ಟಿಕೆಟ್ ಒಂದೇ, ರಿಯಾಯಿತಿ ಬೇರೆ ಬೇರೆ” ಎಂದಳು. ಅವಳ ಮಾತು ಸಂಜೆ ಬೇರೆ ರೀತಿಯಲ್ಲಿ ನಿಜವಾಯಿತು.

ತೇಯ್ಝೆಯ ಅಸರ್ ಮುಗಿದ ಮೇಲೆ ರೈಲು ಹತ್ತಿದೆವು. ಸೇತುವೆ ದಾಟಿ ಫ್ರೈಲಾಸಿಂಗ್‌ನಲ್ಲಿ ನಿಂತಾಗ ಇಬ್ಬರು ಪೊಲೀಸರು ಹತ್ತಿದರು. ಒಬ್ಬಾಕೆ ಹೆಣ್ಣುಮಗಳು. ಹೋಗುವಾಗ ಇಲ್ಲದ ತಪಾಸಣೆ ಬರುವಾಗ! ಇದಕ್ಕೆ ಕಾರಣ ಇದೆ. ಜರ್ಮನಿ, ಆಸ್ಟ್ರಿಯಾ ಮುಂತಾದ ದೇಶಗಳು ಶೆಂಗೆನ್ ಒಪ್ಪಂದದಂತೆ ತಮ್ಮ ನಡುವಿನ ಗಡಿ ತಪಾಸಣೆಯನ್ನು ತೆಗೆದುಹಾಕಿದ್ದವು. ಆದರೆ 2015ರಲ್ಲಿ ಸಿರಿಯಾ, ಇರಾಕ್, ಅಫ್ಘಾನಿಸ್ತಾನಗಳಿಂದ ಸಾವಿರಾರು ನಿರಾಶ್ರಿತರು ಇದೇ ಹಳಿಯ ಮೇಲೆ ಮ್ಯೂನಿಕ್‌ಗೆ ಬಂದರು. ಊರಿನ ಜನ ನೀರು, ಆಹಾರ, ಮಕ್ಕಳಿಗೆ ಆಟಿಕೆ ಹಿಡಿದುಕೊಂಡು ನಿಲ್ದಾಣದಲ್ಲಿ ನಿಂತಿದ್ದರು. ಅದೇ ಸೆಪ್ಟೆಂಬರ್ 13ರಂದು ಜರ್ಮನಿ ಆಸ್ಟ್ರಿಯಾ ಗಡಿಯಲ್ಲಿ ಮತ್ತೆ ತಪಾಸಣೆ ಶುರುಮಾಡಿತು. ಅದನ್ನು ಆಮೇಲೆ ಮತ್ತೆ ಮತ್ತೆ ವಿಸ್ತರಿಸುತ್ತಾ ಬಂದಿದೆ.

ಮಗಳು ಟಿಕೆಟ್ ತೋರಿಸಹೋದಳು. ಪೊಲೀಸರಿಗೆ ಅದು ಬೇಡ. ಒಬ್ಬೊಬ್ಬರ ಕಾಗದವೂ ಬೇರೆ ಬೇರೆಯಾಗಿ ಬೇಕು. ಮಗಳು ಮತ್ತು ಗೆಳತಿ ತಮ್ಮ ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡು ತೋರಿಸಿದರು. ಮೊಮ್ಮಗನದ್ದೂ ಇತ್ತು. ತೇಯ್ಝೆ ಕೋಟಿನ ಒಳಜೇಬಿನಿಂದ ತುರ್ಕಿ ಪಾಸ್‌ಪೋರ್ಟ್ ತೆಗೆದರು. ನಾನು ತೆಗೆದದ್ದು ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಝೆರಾಕ್ಸ್ ಪ್ರತಿ.

ಪಾಸ್‌ಪೋರ್ಟ್ ಎಲ್ಲಿ? ಮ್ಯೂನಿಕ್‌ನಲ್ಲಿ, ಕಪಾಟಿನಲ್ಲಿ, ಸೀರೆಗಳ ಅಡಿಯಲ್ಲಿ! ಬೆಲೆಬಾಳುವ ವಸ್ತುವನ್ನು ಹೊರಗೆ ಒಯ್ಯಬಾರದು, ಕಳೆದು ಹೋದೀತು ಎಂದು ನಾವು ಹೆಂಗಸರು ಕಲಿತ ಪಾಠ. ಚಿನ್ನಕ್ಕೆ ಆ ಪಾಠ ಸರಿ. ಪಾಸ್‌ಪೋರ್ಟ್‌ಗೆ ಅದು ತಲೆಕೆಳಗು. ಹೊರಗೆ ಹೋಗುವಾಗಲೇ ಅದಕ್ಕೆ ಬೆಲೆ.

ಝೆರಾಕ್ಸ್ ಸಾಕಾಗುವುದಿಲ್ಲ, ಕೆಳಗಿಳಿದು ಬರಬೇಕು ಎಂದರು. ನನ್ನ ಕೈಕಾಲು ತಣ್ಣಗಾದವು. ಮಗಳು ನನ್ನೊಂದಿಗೆ ಏಳುತ್ತಿದ್ದಂತೆಯೇ ಇನ್ನೊಂದು ಸಮಸ್ಯೆ ಹೊಳೆಯಿತು. ನಾಲ್ವರಿಗೂ ಇರುವುದು ಒಂದೇ ಟಿಕೆಟ್. ನಮ್ಮ ಜೊತೆ ಅದು ಇಳಿದರೆ ಉಳಿದಿಬ್ಬರು ಟಿಕೆಟ್ ಇಲ್ಲದವರು. ರೈಲಿನಲ್ಲಿ ಬಿಟ್ಟರೆ ನಾವಿಬ್ಬರು ಟಿಕೆಟ್ ಇಲ್ಲದವರು. ಏನು ಮಾಡುವುದೆಂದು ಮಗಳು ಹೇಳುವ ಮೊದಲೇ ತೇಯ್ಝೆ ಮೊಮ್ಮಗನ ಕೈ ಹಿಡಿದು ಬಾಗಿಲ ಕಡೆ ಹೊರಟಾಗಿತ್ತು.

ನಮ್ಮ ರೈಲು ನಮ್ಮ ಕಣ್ಣೆದುರೇ ಹೋಯಿತು. ಪೊಲೀಸರು ಗದರಲಿಲ್ಲ. ಪಾಸ್‌ಪೋರ್ಟ್ ನಂಬರು, ವೀಸಾ ನಂಬರು ಬರೆದುಕೊಂಡು ಕಂಪ್ಯೂಟರಿನಲ್ಲಿ ನೋಡಲು ಹೋದರು. ಮಗಳ ಮೊಬೈಲಿನಲ್ಲಿ ನನ್ನ ವೀಸಾದ ಚಿತ್ರ ಇದ್ದದ್ದು ಉಪಕಾರಕ್ಕೆ ಬಂತು. ಆದರೂ ಆ ಇಪ್ಪತ್ತು ನಿಮಿಷ ನನಗೆ ಇಪ್ಪತ್ತು ಗಂಟೆಯಾಯಿತು. ಅಲ್ಲಾಹನೇ, ಈ ಪ್ರಾಯದಲ್ಲಿ ಮಗಳಿಗೆ ಅವಮಾನ ತಂದೆನೇ ಎಂದು ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ತೇಯ್ಝೆ ಪಕ್ಕದಲ್ಲಿ ಕುಳಿತು ನನ್ನ ಬೆನ್ನು ಸವರುತ್ತಾ ಏನೋ ಹೇಳಿದರು. ಮಗಳು ಅನುವಾದಿಸಿದಳು. “ಉಮ್ಮಾ, ಅವರು ಹೇಳ್ತಾರೆ, 1970ರಿಂದ ನನ್ನ ಪಾಸ್‌ಪೋರ್ಟ್ ನನ್ನ ಮೈ ಬಿಟ್ಟು ಹೋಗಿಲ್ಲ. ಬಡವರ ಮಕ್ಕಳಿಗೆ ಗಡಿ ಯಾವಾಗಲೂ ಇರುತ್ತದೆ, ಕಾಣದಿರುವುದು ಕೆಲವೊಮ್ಮೆ ಮಾತ್ರ ಅಂತ.”

ಕೊನೆಗೆ ಆ ಪೊಲೀಸ್ ಹೆಣ್ಣುಮಗಳು ಬಂದು, ಎಲ್ಲ ಸರಿಯಿದೆ, ಇನ್ನೊಮ್ಮೆ ಮೂಲ ಪಾಸ್‌ಪೋರ್ಟ್ ಇಲ್ಲದೆ ಬರಬೇಡಿ ಎಂದು ಹೇಳಿ ಕಳಿಸಿದಳು. ಅಲ್‌ಹಮ್ದುಲಿಲ್ಲಾಹ್. ನನಗೆ ಹೀಗೆ ಸುಲಭವಾಗಿ ಮುಗಿಯಿತೆಂದು ನಿಮಗೂ ಮುಗಿಯುತ್ತದೆಂದು ತಿಳಿಯಬೇಡಿ. ದಂಡ ಬೀಳಬಹುದು, ರಾತ್ರಿಯವರೆಗೆ ಕೂರಿಸಬಹುದು. ನಮ್ಮ ಟಿಕೆಟ್ ನಸುಕಿನ ಮೂರರವರೆಗೆ ನಡೆಯುವಂಥದ್ದಾದ್ದರಿಂದ ಮುಂದಿನ ರೈಲಿಗೆ ಬೇರೆ ಹಣ ಕೊಡಬೇಕಾಗಲಿಲ್ಲ. ಅದೊಂದು ಸಮಾಧಾನ.

ಸಹೋದರಿಯರೇ, ನೀವು ಹೋಗುವುದಾದರೆ ಇನ್ನೂ ಕೆಲವು ಮಾತು ತಿಳಿದಿರಲಿ. ಜರ್ಮನಿಯ ಶೆಂಗೆನ್ ವೀಸಾ ಆಸ್ಟ್ರಿಯಾ, ಇಟಲಿ, ಫ್ರಾನ್ಸ್, ಸ್ವಿಟ್ಝರ್‌ಲ್ಯಾಂಡ್‌ಗಳಲ್ಲೂ ನಡೆಯುತ್ತದೆ. ಅಲ್ಲಿಗೆ ಹೋಗಿ ಬಂದರೆ ದೇಶ ಬಿಟ್ಟು ಹೊರಗೆ ಹೋದ ಲೆಕ್ಕವಲ್ಲ. ಆದರೆ ಬ್ರಿಟನ್ ಈ ಕೂಟದಲ್ಲಿಲ್ಲ. ಒಂದೇ ಪ್ರವೇಶದ ವೀಸಾ ಇದ್ದವರು ಪ್ಯಾರಿಸ್‌ನಿಂದ ಲಂಡನ್ ರೈಲು ಹತ್ತಿದರೆ ಮರಳಿ ಬರುವ ಬಾಗಿಲು ಮುಚ್ಚಿದಂತೆ. ಅಲ್ಲದೆ ಬ್ರಿಟನ್ನಿಗೆ ಬೇರೆಯೇ ವೀಸಾ ಬೇಕು.

ಹಲವು ದೇಶ ಸುತ್ತುವ ಆಸೆಯಿದ್ದರೆ ‘ಯುರೇಲ್’ ಪಾಸ್ ಇದೆ. ಅದು 1959ರಿಂದಲೂ ಯುರೋಪಿನ ಹೊರಗಿನವರಿಗಾಗಿ ಇರುವ ಪಾಸ್. ಈಗ 33 ದೇಶಗಳಲ್ಲಿ ನಡೆಯುತ್ತದೆ. ಅಲ್ಲಿಯೇ ವಾಸವಿರುವ ನಿಮ್ಮ ಮಗಳಿಗೆ ಅದು ಸಿಗುವುದಿಲ್ಲ, ಅವಳು ‘ಇಂಟರ್‌ರೇಲ್’ ಕೊಳ್ಳಬೇಕು. ಹನ್ನೊಂದು ವರ್ಷದವರೆಗಿನ ಮಕ್ಕಳು, ಒಬ್ಬ ಹಿರಿಯರ ಜೊತೆ ಇಬ್ಬರಂತೆ, ಉಚಿತವಾಗಿ ಬರಬಹುದು. ಆದರೆ ಅವರ ಹೆಸರಿನಲ್ಲೂ ಪಾಸ್ ಮಾಡಿಸಿರಬೇಕು. ಕೆಲವು ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟು ಕಾದಿರಿಸಲು ಬೇರೆ ಹಣ ಕೊಡಬೇಕು. ಇದು ತಿಳಿಯದೆ ಪೇಚಿಗೆ ಸಿಲುಕುವವರು ಬಹಳ. ನೆರೆಯ ಊರಿಗೆ ಒಂದು ದಿನ ಹೋಗಿ ಬರುವವರಿಗೆ ಇಷ್ಟೆಲ್ಲ ಬೇಡ. ಬಯರ್ನ್ ಟಿಕೆಟಿನಂತಹ ಪ್ರಾದೇಶಿಕ ಪಾಸ್ ಸಾಕು. ಅದು ಗಡಿಯಾಚೆ ಯಾವ ನಿಲ್ದಾಣದವರೆಗೆ ಸಲ್ಲುತ್ತದೆಂದು ಮೊದಲೇ ಕೇಳಿಕೊಳ್ಳಿ.

ರಾತ್ರಿ ಮ್ಯೂನಿಕ್‌ನಲ್ಲಿ ಇಳಿದು ಹೊರಬರುವಾಗ ತೇಯ್ಝೆ ಒಂದು ಕಡೆ ನಿಂತರು. ತಲೆಯ ಮೇಲೆ 11 ಎಂಬ ಅಂಕೆ ಇತ್ತು. ಕೈಯಲ್ಲಿ ತೋರಿಸಿ ಏನೂ ಹೇಳದೆ ಮುಂದೆ ನಡೆದರು. ಮನೆಯ ಮೆಟ್ಟಿಲಲ್ಲಿ ಬೀಳ್ಕೊಡುವಾಗ ಮಗಳ ಹತ್ತಿರ ಆ ಟಿಕೆಟ್ ಕೇಳಿ ಪಡೆದರು. ನಾಳೆಗೆ ಅದು ಬರೇ ಕಾಗದ, ಏಕೆ ಬೇಕು ಎಂದು ಮಗಳು ಕೇಳಿದಳು. “ಸಾಲ್ಝ್‌ಬರ್ಗ್‌ನಲ್ಲಿ ಇಳಿದದ್ದಕ್ಕೆ ಸಾಕ್ಷಿ” ಎಂದರಂತೆ.

ಆಮೇಲಿನ ಎರಡು ತಿಂಗಳಲ್ಲಿ ನಾನು ಇನ್ನೂ ನಾಲ್ಕು ಬಾರಿ ಹೊರಗೆ ಸುತ್ತಾಡಿದೆ. ಒಮ್ಮೆ ಮಗಳಿಲ್ಲದೆ, ತೇಯ್ಝೆಯೊಬ್ಬರ ಜೊತೆಯೇ ಕುಫ್‌ಸ್ಟೈನ್‌ಗೂ ಹೋಗಿಬಂದೆ. ಟಿಕೆಟಿನ ಮೇಲೆ ಎರಡೇ ಹೆಸರು. ನನ್ನ ಪಾಸ್‌ಪೋರ್ಟ್ ಬುರ್ಖಾದ ಒಳಜೇಬಿನಲ್ಲಿತ್ತು. ಆ ಜೇಬನ್ನು ಹೊಲಿದುಕೊಟ್ಟದ್ದು ಅವರೇ.